ಚಳಿಗಾಲದ ಹೊಳೆಯಲ್ಲಿ ಸ್ಟೀಲ್‌ಹೆಡ್ ಮೀನು: ಪದೇ ಪದೇ ಕೇಳುವ ಪ್ರಶ್ನೆಗಳು

ಡಿಸೆಂಬರ್ ಬಂತೆಂದರೆ ಸಿಯಾಟಲ್ ಸುತ್ತಮುತ್ತಲಿನ ಕನ್ನಡದ ಗೆಳೆಯರು ನನ್ನನ್ನು ಒಂದೇ ಬಗೆಯ ಪ್ರಶ್ನೆಗಳನ್ನು ಕೇಳತೊಡಗುತ್ತಾರೆ. ಊರಲ್ಲಿ ತುಂಗೆಯಲ್ಲೋ ಕಾವೇರಿಯಲ್ಲೋ ಗಾಳ ಹಾಕಿ ಬೆಳೆದವರು ಅವರು. ಹಿಮ ಉದುರುತ್ತಿರುವಾಗ ಇಲ್ಲಿನ ಜನ ಸೊಂಟಮಟ್ಟ ನೀರಿನಲ್ಲಿ ನಿಂತಿರುವುದನ್ನು ಕಂಡರೆ ಕುತೂಹಲವೂ ಆಗುತ್ತದೆ, ಭಯವೂ ಆಗುತ್ತದೆ. ಹಲವು ಚಳಿಗಾಲ ಈ ಹೊಳೆಗಳಲ್ಲಿ ನಿಂತು ತಿಳಿದುಕೊಂಡದ್ದನ್ನು ಇಲ್ಲಿ ಬರೆದಿದ್ದೇನೆ. ಹೆಚ್ಚಿನದು ವಾಷಿಂಗ್ಟನ್ ರಾಜ್ಯದ ಒಲಿಂಪಿಕ್ ಪರ್ಯಾಯ ದ್ವೀಪದ ಹೊಳೆಗಳ ಮಾತು: ಹೋ, ಸೋಲ್ ಡಕ್, ಬೋಗಶೀಲ್, ಕಲಾವಾ.

ಸ್ಟೀಲ್‌ಹೆಡ್ ಅಂದರೆ ಸಾಲ್ಮನ್ನೇ ಅಲ್ಲವೇ?

ಸಾಲ್ಮನ್ನಿನ ದಾಯಾದಿ, ಆದರೆ ಸಾಲ್ಮನ್ ಅಲ್ಲ. ಇದು ರೇನ್‌ಬೋ ಟ್ರೌಟ್. ನೀಲಗಿರಿಯ ತೊರೆಗಳಿಗೆ ಬ್ರಿಟಿಷರು ತಂದು ಬಿಟ್ಟ ಟ್ರೌಟ್ ನೋಡಿದ್ದರೆ ಅದೂ ಇದೇ ಜಾತಿ. ಬೇರೆಯಾಗಿರುವುದು ಬದುಕುವ ರೀತಿ ಮಾತ್ರ. ಮರಿಗಳಲ್ಲಿ ಕೆಲವು ಹುಟ್ಟಿದ ಹೊಳೆಯಲ್ಲೇ ಕೊನೆಯವರೆಗೂ ಇದ್ದುಬಿಡುತ್ತವೆ. ಇನ್ನು ಕೆಲವು ಒಂದರಿಂದ ಮೂರು ವರ್ಷ ಹೊಳೆಯಲ್ಲಿ ಬೆಳೆದು, ಮೈ ಬೆಳ್ಳಿಯ ಬಣ್ಣಕ್ಕೆ ತಿರುಗಿ, ಪೆಸಿಫಿಕ್ ಕಡಲಿಗೆ ಇಳಿಯುತ್ತವೆ. ಅಲ್ಲಿ ಕೆಲವು ವರ್ಷ ತಿಂದು ಕೊಬ್ಬಿ, ಮೊಟ್ಟೆಯಿಡಲು ಹುಟ್ಟಿದ ಹೊಳೆಗೇ ವಾಪಸ್ ಬರುತ್ತವೆ. ಹಾಗೆ ಬಂದದ್ದು ಸ್ಟೀಲ್‌ಹೆಡ್.

ಮಲೆನಾಡಿನವರಿಗೆ ಒಂದೇ ಮಾತಿನಲ್ಲಿ ಹೇಳಬಹುದು: ಇದು ಕಡಲಿನಿಂದ ಬರುವ ಹತ್ತುಮೀನು. ಮುಂಗಾರಿನ ಮೊದಲ ಮಳೆಗೆ ಹಳ್ಳದ ಮೀನು ಗದ್ದೆಯ ಕಡೆ ಹತ್ತುವ ಹಾಗೆ, ಚಳಿಗಾಲದ ಮಳೆಗೆ ಹೊಳೆ ಏರಿದಾಗ ಇದು ಹತ್ತುತ್ತದೆ. ಪೆಸಿಫಿಕ್ ಸಾಲ್ಮನ್ ಮೊಟ್ಟೆಯಿಟ್ಟ ಮೇಲೆ ಸಾಯುತ್ತದೆ. ಸ್ಟೀಲ್‌ಹೆಡ್ ಹಾಗಲ್ಲ. ಎಲ್ಲವೂ ಬದುಕುವುದಿಲ್ಲ, ಆದರೆ ಬದುಕಿದವು ಮತ್ತೆ ಕಡಲಿಗೆ ಹೋಗಿ ಇನ್ನೊಂದು ವರ್ಷ ಮತ್ತೆ ಹತ್ತಿ ಬರುತ್ತವೆ. ಕೈಗೆ ಬಂದ ಮೀನನ್ನು ಹೇಗೆ ಹಿಡಿಯುತ್ತೀರಿ, ಹೇಗೆ ಬಿಡುತ್ತೀರಿ ಎನ್ನುವುದಕ್ಕೆ ಇಷ್ಟು ಮಹತ್ವ ಬಂದಿರುವುದು ಇದರಿಂದಲೇ.

ಎಷ್ಟು ದೊಡ್ಡದಾಗುತ್ತದೆ?

ಸಾಮಾನ್ಯವಾಗಿ 3ರಿಂದ 5 ಕಿಲೋ. 9 ಕಿಲೋ ದಾಟಿದ್ದು ಸಿಕ್ಕರೆ ಜನ್ಮವಿಡೀ ನೆನಪಿರುತ್ತದೆ. 1970ರಲ್ಲಿ ಅಲಾಸ್ಕಾದ ಬೆಲ್ ಐಲೆಂಡ್ ಬಳಿ ಒಬ್ಬ ಪುಟ್ಟ ಹುಡುಗ ಹಿಡಿದ ಮೀನು 42 ಪೌಂಡ್ 2 ಔನ್ಸ್ ತೂಗಿತ್ತು, ಅಂದರೆ 19 ಕಿಲೋ.

ಬೆಚ್ಚಗಿರುವ ತಿಂಗಳು ಬಿಟ್ಟು ಈ ಚಳಿಯಲ್ಲೇ ಯಾಕೆ?

ಮೀನು ಬರುವುದೇ ಆಗ. ಸ್ಟೀಲ್‌ಹೆಡ್‌ನಲ್ಲಿ ಎರಡು ಗುಂಪುಗಳಿವೆ. ಬೇಸಿಗೆಯ ಗುಂಪು ಮೇ ಮತ್ತು ಅಕ್ಟೋಬರ್ ನಡುವೆ ಹೊಳೆ ಹತ್ತಿ, ಮೊಟ್ಟೆ ಬಲಿಯುವವರೆಗೆ ತಿಂಗಳುಗಟ್ಟಲೆ ಮಡುಗಳಲ್ಲಿ ಕಾಯುತ್ತದೆ. ಚಳಿಗಾಲದ ಗುಂಪು ನವೆಂಬರ್‌ನಿಂದ ಏಪ್ರಿಲ್‌ವರೆಗೆ, ಹೊಟ್ಟೆಯಲ್ಲಿ ಮೊಟ್ಟೆ ಹೆಚ್ಚುಕಡಿಮೆ ಬಲಿತೇ ಬರುತ್ತದೆ. ಕರಾವಳಿಯ ಚಿಕ್ಕ ಹೊಳೆಗಳಲ್ಲಿ ಈ ಎರಡನೆಯ ಗುಂಪೇ ಹೆಚ್ಚು. ಅದರಲ್ಲೂ ಹ್ಯಾಚರಿಯಲ್ಲಿ ಮರಿ ಮಾಡಿ ಬಿಟ್ಟವು ಡಿಸೆಂಬರ್, ಜನವರಿಯಲ್ಲೇ ಬಂದುಬಿಡುತ್ತವೆ. ಹೊಳೆಯಲ್ಲೇ ಹುಟ್ಟಿದವು ಹೆಚ್ಚಾಗಿ ಫೆಬ್ರವರಿಯ ನಂತರ.

ಎಂಥ ದಿನ ಹೊರಡಬೇಕು? ಬಿಸಿಲಿರುವ ಶನಿವಾರ ಸಾಲದೇ?

ಆಕಾಶ ನೋಡಿ ಹೊರಡಬೇಡಿ, ಹೊಳೆ ನೋಡಿ ಹೊರಡಿ. ಅಮೆರಿಕದ ಭೂವಿಜ್ಞಾನ ಇಲಾಖೆ ಯುಎಸ್‌ಜಿಎಸ್ ಬಹಳಷ್ಟು ಹೊಳೆಗಳಲ್ಲಿ ನೀರಿನ ಮಟ್ಟ ಅಳೆಯುವ ಸಾಧನ ಇಟ್ಟಿದೆ. ಅದರ ಲೆಕ್ಕವನ್ನು ಮನೆಯಲ್ಲಿ ಕೂತು ಫೋನಿನಲ್ಲೇ ನೋಡಬಹುದು, ದುಡ್ಡು ಕೊಡಬೇಕಿಲ್ಲ. ಗೆರೆ ಜೋರಾಗಿ ಮೇಲೇರುತ್ತಿದ್ದರೆ ಹೊಳೆ ಆಷಾಢದ ತುಂಗೆಯ ಹಾಗೆ ಕದಡಿ ಕೆಂಪಾಗಿದೆ, ಮರದ ದಿಮ್ಮಿಗಳೂ ತೇಲಿ ಬರುತ್ತಿವೆ ಎಂದೇ ಅರ್ಥ. ಆ ದಿನ ಮನೆಯಲ್ಲೇ ಇರಿ. ಏರಿದ ಹೊಳೆ ಇಳಿಯತೊಡಗಿ, ಕೆಸರು ಕೂತು, ನೀರು ತಿಳಿಹಸಿರಾಗಿ, ಮೊಣಕಾಲುದ್ದದ ಆಳದಲ್ಲಿ ನಿಮ್ಮ ಬೂಟು ಮಸುಕಾಗಿ ಕಾಣುವಾಗ ಹೊರಡಿ. ಏರಿದ ನೀರಿನ ಜೊತೆ ಕಡಲಿನಿಂದ ಹೊಸ ಮೀನು ಬಂದಿರುತ್ತದೆ, ನೀರು ಇನ್ನೂ ಪೂರ್ತಿ ತಿಳಿಯಾಗದ್ದರಿಂದ ಅದಕ್ಕೆ ಹೆದರಿಕೆಯೂ ಕಡಿಮೆ.

ಈ ಹೊಳೆಗಳ ಹತ್ತಿರದ ಫೋರ್ಕ್ಸ್ ಊರಿನ ಸುತ್ತ ವರ್ಷಕ್ಕೆ ಸುಮಾರು 3,000 ಮಿ.ಮೀ. ಮಳೆ ಬೀಳುತ್ತದೆ. ಆಗುಂಬೆಯ ಮುಂದೆ ಅದು ಅರ್ಧವೂ ಅಲ್ಲ, ಆದರೆ ಬಹುಪಾಲು ಸುರಿಯುವುದು ಮೀನು ಬರುವ ಈ ತಿಂಗಳುಗಳಲ್ಲೇ. ಎಲ್ಲ ಹೊಳೆಯೂ ಒಂದೇ ವೇಗದಲ್ಲಿ ತಿಳಿಯಾಗುವುದಿಲ್ಲ. ಸೋಲ್ ಡಕ್ ಬೇಗ ತಿಳಿಯಾಗುತ್ತದೆ. ಹೋ ಹೊಳೆ ಮೌಂಟ್ ಒಲಿಂಪಸ್‌ನ ಹಿಮನದಿಗಳಿಂದ ಇಳಿದು ಬರುವಂಥದ್ದು, ಅರೆದ ಕಲ್ಲಿನ ಹುಡಿ ಅದರಲ್ಲಿ ಸೇರಿರುತ್ತದೆ, ತಿಳಿಯಾಗಲು ದಿನಗಳೇ ಬೇಕು. ಕಡುಚಳಿ ಬಿದ್ದು ಮಳೆಯೆಲ್ಲ ಬೆಟ್ಟದ ಮೇಲೆ ಹಿಮವಾಗಿ ನಿಂತರೆ ಹೊಳೆ ಬಡವಾಗಿ, ಗಾಜಿನಂತಾಗುತ್ತದೆ. ಆಗ ಮೀನು ನಿಮ್ಮ ನೆರಳಿಗೂ ಬೆದರುತ್ತದೆ. ಸಣ್ಣ ಗಾಳ, ತೆಳು ದಾರ, ಸದ್ದಿಲ್ಲದ ನಡಿಗೆ ಬೇಕು.

ನೀರು ಎಷ್ಟು ತಣ್ಣಗಿದ್ದರೂ ಮೀನು ಗಾಳ ಕಚ್ಚುತ್ತದೆಯೇ?

ಬರೆಯುವುದಕ್ಕೆ ನನಗೆ ಅತಿ ಇಷ್ಟವಾದ ಪ್ರಶ್ನೆ ಇದು. ಮೀನಿನ ರಕ್ತದ ಬಿಸಿ ನೀರಿನ ಬಿಸಿಯನ್ನೇ ಹಿಂಬಾಲಿಸುತ್ತದೆ. ನೀರು 6, 7 ಡಿಗ್ರಿ ಸೆಲ್ಸಿಯಸ್ ಇದ್ದಾಗ ಸ್ಟೀಲ್‌ಹೆಡ್ ಎರಡು ಮಾರು ದೂರ ನುಗ್ಗಿ ಬಂದು ಗಾಳ ಹಿಡಿಯುವುದನ್ನು ಕಂಡಿದ್ದೇನೆ. 4ಕ್ಕಿಂತ ಕೆಳಗಿಳಿದರೆ ಅದೇ ಮೀನು ಒಂದು ಗೇಣು ಕದಲುವುದೂ ಕಷ್ಟ. 1, 2 ಡಿಗ್ರಿಗೆ ಗಾಳ ಅದರ ಮೂತಿಗೇ ತಾಗುವ ಹಾಗೆ ಹೋಗಬೇಕು. ಹೋದರೂ ಬಾಯಿ ತೆರೆಯುವುದು ಅದರ ಮರ್ಜಿ.

ಹಾಗಾಗಿ ಒಂದು ಥರ್ಮಾಮೀಟರನ್ನು ದಾರ ಕಟ್ಟಿ ಜೇಬಿನಲ್ಲಿಟ್ಟುಕೊಳ್ಳಿ. ಹೊಳೆಗೆ ಇಳಿದ ಕೂಡಲೇ ಅಳೆಯಿರಿ, ಎರಡು ಗಂಟೆ ಬಿಟ್ಟು ಮತ್ತೆ ಅಳೆಯಿರಿ. ನನ್ನ ಅನುಭವದಲ್ಲಿ ಅಂಕಿಗಿಂತ ಅದು ಹೋಗುತ್ತಿರುವ ದಿಕ್ಕು ದೊಡ್ಡದು. 3ರಿಂದ 4ಕ್ಕೆ ಏರುತ್ತಿರುವ ನೀರು, 7ರಿಂದ 5ಕ್ಕೆ ಬಿದ್ದ ನೀರಿಗಿಂತ ಎಷ್ಟೋ ಒಳ್ಳೆಯದು.

ಚಳಿಯಲ್ಲಿ ಮೀನು ನಿಲ್ಲುವ ಜಾಗವೂ ಬದಲಾಗುತ್ತದೆ. ನೊರೆಯೆದ್ದು ಹರಿಯುವ ಸೆಳವಿನಲ್ಲಿ ನಿಲ್ಲಲು ಅದಕ್ಕೆ ಶಕ್ತಿ ಸಾಲದು, ನೀರು ಕದಲದ ಕಡೆ ಉಸಿರಾಡಲು ಕಿವಿರಿಗೆ ಬೇಕಾದ ಹರಿವಿಲ್ಲ. ನಾವು ದಡದಲ್ಲಿ ನಡೆಯುವಷ್ಟೇ ವೇಗದಲ್ಲಿ ನೀರು ಹೋಗುವ, ಆಳು ಮುಳುಗದ ಜಾಗ ಹುಡುಕಿ. ಮಡುವಿನ ಬಾಲ, ದೊಡ್ಡ ಬಂಡೆಯ ಬೆನ್ನು, ವೇಗದ ನೀರೂ ನಿಧಾನದ ನೀರೂ ಕೂಡುವ ಗೆರೆ. ನಾಲ್ಕಾರು ಸಲ ಎಸೆದು ಮುಂದಕ್ಕೆ ಹೋಗುವ ಬೇಸಿಗೆಯ ಅಭ್ಯಾಸ ಇಲ್ಲಿ ನಡೆಯದು. ಒಂದು ಜನವರಿಯಲ್ಲಿ ಕಲಾವಾ ಹೊಳೆಯ ಒಂದೇ ಮಡುವಿನಲ್ಲಿ ಬೆಳಗಿನಿಂದ ನಿಂತಿದ್ದೆ, ಏನೂ ಇಲ್ಲ. ಮಧ್ಯಾಹ್ನ ಬೆಂಡನ್ನು ಒಂದು ಗೇಣು ಮೇಲೆ ಸರಿಸಿ ಗಾಳವನ್ನು ಇನ್ನಷ್ಟು ತಳಕ್ಕೆ ಬಿಟ್ಟೆ. ಮೂರನೆಯ ಸಲ ಬೆಂಡು ಕಲ್ಲಿಗೆ ಸಿಕ್ಕಿದಂತೆ ಮೆಲ್ಲಗೆ ಓರೆಯಾಗಿ ಮುಳುಗಿತು. ಚಳಿಯ ಮೀನು ಹಿಡಿಯುವುದು ಹಾಗೆಯೇ, ಎಳೆತವಿಲ್ಲ, ಭಾರ ಮಾತ್ರ.

ಬೆಳಗಿನ ಜಾವಕ್ಕೇ ಹೋಗಬೇಕೇ?

ಕಡುಚಳಿಯ ದಿನ ಬೇಡ. ನೀರು ಸ್ವಲ್ಪವಾದರೂ ಬೆಚ್ಚಗಾಗುವುದು ಮಧ್ಯಾಹ್ನ 12ರಿಂದ 3ರೊಳಗೆ. ಮನೆಯಲ್ಲಿ ಬಿಸಿಬಿಸಿ ತಿಂಡಿ ತಿಂದು, ರಸ್ತೆಯ ಮಂಜುಗಡ್ಡೆ ಕರಗಿದ ಮೇಲೆ ಹೊರಡಿ.

ಹೊಸಬರಿಗೆ ಯಾವ ಸಾಮಾನು ಬೇಕು?

ಒಂಬತ್ತೂವರೆಯಿಂದ ಹತ್ತೂವರೆ ಅಡಿಯ ಒಂದು ಕೋಲು, ಒಂದು ಸಾಧಾರಣ ಸ್ಪಿನ್ನಿಂಗ್ ರೀಲು, 10ರಿಂದ 12 ಪೌಂಡ್ ತಾಳುವ ದಾರ, ಗಾಳದ ಹತ್ತಿರ ಅದಕ್ಕಿಂತ ಸ್ವಲ್ಪ ತೆಳುವಾದ ತಂಗೂಸಿ, ಒಂದು ಬೆಂಡು, ಸೀಸದ ಗುಂಡುಗಳು, ಗುಲಾಬಿ ಅಥವಾ ಕೆಂಪು ಬಣ್ಣದ ನಾಲ್ಕು ಜಿಗ್ (ತಲೆಗೆ ಭಾರ ಸೇರಿಸಿದ, ಗರಿ ಕಟ್ಟಿದ ಗಾಳ). ಇಷ್ಟು ಸಾಕು. ಬೆಂಡು ಕಟ್ಟಿ ಗಾಳ ತೇಲಿಬಿಡುವುದು ನಮಗೆ ಗೊತ್ತಿರುವ ವಿದ್ಯೆ. ಬೇಕಾದಷ್ಟೇ ಆಳಕ್ಕೆ, ನೀರಿನ ವೇಗದಲ್ಲೇ ಗಾಳ ಹೋಗುತ್ತದೆ. ತಣ್ಣೀರಿಗೆ ಅದೇ ಬೇಕಾದದ್ದು. 13 ಅಡಿಯ ಎರಡು ಕೈಯ ಸ್ಪೇ ಕೋಲಿನಲ್ಲಿ ಗರಿಯಿಂದ ಕಟ್ಟಿದ ನೊಣದಂಥ ಗಾಳ ಬೀಸುವುದು ನೋಡಲು ಬಹಳ ಚೆಂದ, ನನಗೂ ಪ್ರೀತಿ. ಆದರೆ ಅದನ್ನು ಮೊದಲ ಚಳಿಗಾಲದಲ್ಲೇ ಹಿಡಿದರೆ ಕಲಿಯಬೇಕಾದ ಹೊಳೆಯನ್ನು ಬಿಟ್ಟು ದಾರದ ಸಿಕ್ಕು ಬಿಡಿಸುವುದರಲ್ಲೇ ದಿನ ಹೋಗುತ್ತದೆ.

ಮೊಟ್ಟೆಯಿಡಲು ಬಂದ ಮೀನು ಉಣ್ಣುವುದಿಲ್ಲವಂತೆ, ಮತ್ತೆ ಗಾಳ ಯಾಕೆ ಕಚ್ಚುತ್ತದೆ?

ಹೊಳೆಗೆ ಬಂದ ಮೇಲೆ ಬಹಳ ಕಡಿಮೆ ತಿನ್ನುತ್ತದೆ, ಕಡಲಿನಲ್ಲಿ ಕೂಡಿಟ್ಟ ಕೊಬ್ಬಿನಲ್ಲೇ ದಿನ ದೂಡುತ್ತದೆ. ಆದರೂ ಎದುರಿಗೆ ತೇಲಿ ಬಂದದ್ದನ್ನು ಬಾಯಿಂದ ಮುಟ್ಟಿ ನೋಡುವ ಅಭ್ಯಾಸ ಮರಿಯಾಗಿದ್ದಾಗಿನಿಂದ ಇದೆ. ನಮ್ಮ ಹಾಗೆ ಅದಕ್ಕೆ ಕೈಯಿಲ್ಲ. ಸಾಲ್ಮನ್ ಮೊಟ್ಟೆಯಂತೆ ಕಾಣುವ ಪ್ಲಾಸ್ಟಿಕ್ ಮಣಿಗೂ ಬಾಯಿ ಹಾಕುವುದು ಅದರಿಂದಲೇ.

ಕೋಲಿನ ಬಳೆಗಳಲ್ಲಿ ಮಂಜುಗಡ್ಡೆ ಕಟ್ಟಿ ದಾರ ಓಡುವುದಿಲ್ಲ. ಏನು ಮಾಡಲಿ?

ಉಗುರಿನಿಂದ ಕೀಳಬೇಡಿ, ಬಳೆಯೊಳಗಿನ ಉಂಗುರ ಬಿರುಕು ಬಿಟ್ಟರೆ ದಾರ ಕೊಯ್ಯುತ್ತದೆ. ಕೋಲನ್ನು ನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಹರಿಯುವ ನೀರು ಎಷ್ಟು ತಣ್ಣಗಿದ್ದರೂ ಮಂಜುಗಡ್ಡೆಗಿಂತ ಬೆಚ್ಚಗೆ, ತಾನೇ ಕರಗುತ್ತದೆ. ತುಟಿಗೆ ಹಚ್ಚುವ ಮುಲಾಮನ್ನು ಬಳೆಗೆ ಸವರಿದರೆ ಸ್ವಲ್ಪ ಹೊತ್ತು ತಡೆಯುತ್ತದೆ. ರೀಲನ್ನು ಮಾತ್ರ ನೀರಿಗೆ ಮುಟ್ಟಿಸಬೇಡಿ. ಒಳಗೆ ಹೆಪ್ಪುಗಟ್ಟಿದರೆ ಆ ದಿನ ಅಲ್ಲಿಗೇ ಮುಗಿಯಿತು.

ಏನು ಉಟ್ಟುಕೊಂಡು ಹೋಗಬೇಕು?

ಹತ್ತಿಬಟ್ಟೆ ಒಂದೂ ಬೇಡ. ಒಳಚಡ್ಡಿ, ಬನಿಯನ್ನಿನಿಂದ ಹಿಡಿದು ಜೀನ್ಸ್‌ವರೆಗೆ ಎಲ್ಲವನ್ನೂ ಮನೆಯಲ್ಲಿ ಬಿಡಿ. ಹತ್ತಿ ಒದ್ದೆಯಾದರೆ ಮೈಯ ಬಿಸಿಯನ್ನು ಹೀರುತ್ತಲೇ ಇರುತ್ತದೆ. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ. ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲಿ ಗದ್ದೆ ನೆಟ್ಟವರ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಮೈಗೆ ಅಂಟಿದಂತೆ ತೆಳು ಮೆರಿನೋ ಉಣ್ಣೆ, ಅದರ ಮೇಲೆ ಫ್ಲೀಸ್, ಎಲ್ಲಕ್ಕೂ ಹೊರಗೆ ನೀರು ಬಿಡದ ಕೋಟು ಮತ್ತು ಎದೆಮಟ್ಟದ ವೇಡರ್, ಅಂದರೆ ಹೊಳೆಗೆ ಇಳಿಯಲು ತೊಡುವ ನೀರು ಬಿಡದ ಉಡುಪು.

ಕಾಲಿನ ವಿಷಯದಲ್ಲಿ ಹೊಸಬರೆಲ್ಲ ಒಂದೇ ತಪ್ಪು ಮಾಡುತ್ತಾರೆ: ಮೂರು ಜೊತೆ ಕಾಲುಚೀಲ ತುರುಕುತ್ತಾರೆ. ಬೂಟು ಬಿಗಿಯಾದರೆ ರಕ್ತ ಓಡುವುದಿಲ್ಲ, ಕಾಲು ಇನ್ನೂ ಬೇಗ ಮರಗಟ್ಟುತ್ತದೆ. ದಪ್ಪ ಉಣ್ಣೆಯ ಒಂದು ಜೊತೆ, ಬೆರಳು ಆಡಿಸಲು ಜಾಗ ಇರುವ ಬೂಟು ಸಾಕು. ಕೈಗೆ ಬೆರಳ ತುದಿ ತೆರೆದ ಉಣ್ಣೆಯ ಗವಸು, ಜೇಬಿನಲ್ಲಿ ಇನ್ನೊಂದು ಒಣ ಜೊತೆ. ಗಾಳ ಕಟ್ಟುವ ಗಂಟುಗಳನ್ನು ಹಿಂದಿನ ರಾತ್ರಿ ಮನೆಯಲ್ಲೇ ಕಟ್ಟಿ ಸುತ್ತಿಟ್ಟುಕೊಳ್ಳಿ. ಸೊನ್ನೆ ಡಿಗ್ರಿಯಲ್ಲಿ ಮೀನಿನ ಹಾಗೆ ಬೆರಳೂ ನಿಧಾನವಾಗುತ್ತದೆ.

ನೀರಿಗೆ ಬಿದ್ದರೆ?

ಈ ಪುಟದಲ್ಲಿ ಬೇರೆ ಏನು ಓದದಿದ್ದರೂ ಇದನ್ನು ಓದಿ. ನೀರು ಮೈಯ ಬಿಸಿಯನ್ನು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಎಳೆದುಕೊಳ್ಳುತ್ತದೆ. ಚಳಿಯಿಂದ ಮೈ ಕುಸಿಯುವುದರ ಬಗ್ಗೆ ಬಹುಕಾಲ ಸಂಶೋಧನೆ ಮಾಡಿರುವ ಕೆನಡಾದ ಮನಿಟೋಬಾ ವಿಶ್ವವಿದ್ಯಾಲಯದ ಗಾರ್ಡನ್ ಗೀಸ್‌ಬ್ರೆಕ್ಟ್ ಇದನ್ನು 1-10-1 ಎಂದು ನೆನಪಿಟ್ಟುಕೊಳ್ಳಲು ಕಲಿಸುತ್ತಾರೆ. ಮೊದಲ 1 ನಿಮಿಷ ಉಸಿರು ಸಿಕ್ಕದೆ ಏದುಸಿರು ಬರುತ್ತದೆ, ಆಗ ಬಾಯಿ ನೀರಿನ ಮೇಲಿರಬೇಕು, ಬೇರೇನೂ ಮಾಡಬೇಡಿ. ಮುಂದಿನ 10 ನಿಮಿಷ ಕೈಕಾಲು ನಿಮ್ಮ ಮಾತು ಕೇಳುತ್ತವೆ, ದಡ ಸೇರುವುದು ಅಷ್ಟರಲ್ಲೇ. ಪ್ರಜ್ಞೆ ತಪ್ಪಲು ಸುಮಾರು 1 ಗಂಟೆ ಹಿಡಿಯುತ್ತದೆ. ಹೆಚ್ಚಿನವರು ಸಾಯುವುದು ಆ ಗಂಟೆ ಮುಗಿದದ್ದಕ್ಕಲ್ಲ, ಮೊದಲ ನಿಮಿಷಗಳಲ್ಲಿ ಗಾಬರಿಯಾಗಿ ನೀರು ಕುಡಿದದ್ದಕ್ಕೆ.

ಸೆಳವು ಎಳೆದುಕೊಂಡು ಹೋದರೆ ಅಂಗಾತ ಮಲಗಿ, ಕಾಲು ಹರಿವಿನ ಕಡೆಗಿರಲಿ. ಎದ್ದು ನಿಲ್ಲಲು ಹೋಗಬೇಡಿ, ಬಂಡೆಯ ಸಂದಿಗೆ ಕಾಲು ಸಿಕ್ಕಿಕೊಂಡರೆ ನೀರು ನಿಮ್ಮನ್ನು ಒತ್ತಿ ಹಿಡಿಯುತ್ತದೆ. ಕೋಲು ಕೈಬಿಡಿ. ದಡದ ಕಡೆ ಓರೆಯಾಗಿ ಕೈ ಬೀಸಿ. ವೇಡರಿನ ಸೊಂಟಪಟ್ಟಿಯನ್ನು ಯಾವಾಗಲೂ ಬಿಗಿಯಾಗಿ ಕಟ್ಟಿರಬೇಕು, ಇಲ್ಲದಿದ್ದರೆ ಒಳಗೆ ನೀರು ತುಂಬುತ್ತದೆ.

ನಾನು ಒಮ್ಮೆ ಆ ಪಟ್ಟಿ ಸಡಿಲ ಬಿಟ್ಟಿದ್ದೆ. ಮೊಣಕಾಲುದ್ದದ ನೀರು, ಪಾಚಿಗಟ್ಟಿದ ಕಲ್ಲು, ಜಾರಿ ಕೂತೆ ಅಷ್ಟೇ. ನಾನೇ ಎದ್ದು ದಡಕ್ಕೆ ಬಂದೆ. ಆದರೆ ಗಾಡಿಯವರೆಗಿನ ಕಾಲು ಮೈಲಿ ನಡೆದು ಮುಗಿಸುವಷ್ಟರಲ್ಲಿ ಬೀಗದ ಕೈ ಹಿಡಿಯಲು ಬೆರಳು ಮಡಚುತ್ತಿರಲಿಲ್ಲ. ಜೊತೆಗಿದ್ದ ಗೆಳೆಯ ಬಾಗಿಲು ತೆಗೆದು, ಒದ್ದೆ ಬಟ್ಟೆ ಬಿಚ್ಚಿಸಿ, ಹೀಟರ್ ಹಾಕಿದ. ಅಂದಿನಿಂದ ನಾನು ಚಳಿಗಾಲದಲ್ಲಿ ಒಬ್ಬನೇ ಹೋಗಿಲ್ಲ.

ಜೊತೆಗಾರನ ಮಾತು ತೊದಲಿದರೆ, ನಡಿಗೆ ತಪ್ಪಿದರೆ, ಕೈಯಿಂದ ವಸ್ತುಗಳು ಜಾರುತ್ತಿದ್ದರೆ, "ನನಗೇನೂ ಆಗಿಲ್ಲ" ಎಂದು ಅವನು ಎಷ್ಟು ಹೇಳಿದರೂ ನಂಬಬೇಡಿ. ಚಳಿ ತಲೆಯನ್ನೂ ನಿಧಾನ ಮಾಡಿರುತ್ತದೆ. ಗಾಳಿ ಮಳೆಯಿಂದ ಮರೆಮಾಡಿ, ಒಣಬಟ್ಟೆ ಹಾಕಿ, ಎಚ್ಚರವಿದ್ದರೆ ಬಿಸಿಯಾದ ಸಿಹಿ ಪಾನೀಯ ಕೊಡಿ. ಕೈಕಾಲು ತಿಕ್ಕಬೇಡಿ, ಮದ್ಯ ಬೇಡವೇ ಬೇಡ. ನಡುಕ ನಿಂತು ಮಂಕಾದರೆ 911ಕ್ಕೆ ಕರೆ ಮಾಡಿ. ಈ ಹೊಳೆಗಳ ಬಹಳಷ್ಟು ಕಡೆ ಫೋನಿಗೆ ಸಿಗ್ನಲ್ ಇಲ್ಲ, ಹಾಗಾಗಿ ಎಲ್ಲಿಗೆ ಹೋಗುತ್ತೀರಿ, ಎಷ್ಟು ಹೊತ್ತಿಗೆ ವಾಪಸ್ ಎನ್ನುವುದನ್ನು ಮನೆಯಲ್ಲಿ ಬರೆದಿಟ್ಟು ಹೊರಡಿ.

ಲೈಸೆನ್ಸ್, ನಿಯಮ?

ವಾಷಿಂಗ್ಟನ್‌ನಲ್ಲಿ 15 ವರ್ಷ ತುಂಬಿದವರಿಗೆಲ್ಲ ಲೈಸೆನ್ಸ್ ಬೇಕು. ಅದರ ವರ್ಷ ಏಪ್ರಿಲ್ 1ರಿಂದ ಮಾರ್ಚ್ 31, ಹೆಚ್ಚುಕಡಿಮೆ ನಮ್ಮ ಯುಗಾದಿಯ ಲೆಕ್ಕ. ಇಟ್ಟುಕೊಂಡ ಸ್ಟೀಲ್‌ಹೆಡ್ಡನ್ನು ಹಿಡಿದ ಮೀನಿನ ಲೆಕ್ಕವಿಡುವ ಕ್ಯಾಚ್ ಕಾರ್ಡಿನಲ್ಲಿ ಆಗಲೇ ಬರೆಯಬೇಕು. ಒಲಿಂಪಿಕ್ ರಾಷ್ಟ್ರೀಯ ಉದ್ಯಾನದೊಳಗೆ ಉದ್ಯಾನದ ನಿಯಮಗಳೇ ಬೇರೆ, ಮೂಲನಿವಾಸಿ ಬುಡಕಟ್ಟುಗಳ ನೆಲದಲ್ಲಿ ಅವರ ಅನುಮತಿ ಬೇಕು. 2020-21ರ ಚಳಿಗಾಲದಿಂದ ಕರಾವಳಿ ಹೊಳೆಗಳಲ್ಲಿ ನಿಯಮ ಬಹಳ ಬಿಗಿಯಾಗಿದೆ. ದೋಣಿಯಲ್ಲಿ ಕೂತು ಗಾಳ ಹಾಕಬಾರದು, ಎರೆ ಬಳಸಬಾರದು, ಮುಳ್ಳಿಲ್ಲದ ಒಂಟಿ ಗಾಳವೇ ಆಗಬೇಕು ಎಂಬ ಆದೇಶಗಳು ಬಂದವು. ಹಂಗಾಮಿನ ನಡುವೆಯೇ ಹೊಳೆ ಮುಚ್ಚಿಬಿಡುವುದೂ ಉಂಟು. ಹೊರಡುವ ಬೆಳಿಗ್ಗೆ ರಾಜ್ಯದ ಮೀನು ಮತ್ತು ವನ್ಯಜೀವಿ ಇಲಾಖೆಯ ತಾಣದಲ್ಲಿ ಆ ಹೊಳೆಯ ಹೆಸರು ಹುಡುಕಿ ಓದಿ, ಹೋದ ವರ್ಷದ ನೆನಪನ್ನು ನೆಚ್ಚಬೇಡಿ.

ಹ್ಯಾಚರಿ ಮೀನು ಯಾವುದು, ಹೊಳೆಯಲ್ಲೇ ಹುಟ್ಟಿದ್ದು ಯಾವುದು, ಹೇಗೆ ಗೊತ್ತಾಗುತ್ತದೆ?

ಬೆನ್ನಿನ ಮೇಲೆ, ಬಾಲದ ಹತ್ತಿರ ಹೆಬ್ಬೆರಳ ತುದಿಯಷ್ಟು ಒಂದು ಮೆತ್ತನೆಯ ರೆಕ್ಕೆ ಇರುತ್ತದೆ. ಹ್ಯಾಚರಿಯಲ್ಲಿ ಮರಿ ಬಿಡುವ ಮೊದಲು ಅದನ್ನು ಕತ್ತರಿಸುತ್ತಾರೆ. ರೆಕ್ಕೆಯಿಲ್ಲದೆ ಗಾಯ ಮಾಗಿದ ಗುರುತಿದ್ದರೆ, ಹೊಳೆಯ ನಿಯಮ ಒಪ್ಪಿದರೆ, ಮನೆಗೆ ತರಬಹುದು. ರೆಕ್ಕೆ ಇದ್ದರೆ ಬಿಡಲೇಬೇಕು.

ಬಿಡುವಾಗ ಏನು ಜೋಪಾನ?

ಮೀನನ್ನು ನೀರಿನಿಂದ ಮೇಲೆತ್ತಬೇಡಿ. ವಾಷಿಂಗ್ಟನ್‌ನಲ್ಲಿ ಬಿಡಬೇಕಾದ ಸ್ಟೀಲ್‌ಹೆಡ್ಡನ್ನು ಪೂರ್ತಿ ನೀರಿನಿಂದಾಚೆ ಎತ್ತುವುದು ಕಾನೂನಿನ ಪ್ರಕಾರವೂ ತಪ್ಪು. ಕಾನೂನು ಇಲ್ಲದಿದ್ದರೂ ಮಾಡಬಾರದು. ಸೊನ್ನೆಗಿಂತ ಕೆಳಗಿನ ಗಾಳಿಗೆ ಒದ್ದೆಯ ಕಿವಿರು ತಾಗಿದರೆ ಅದರ ತೆಳು ಪದರ ಹೆಪ್ಪುಗಟ್ಟುತ್ತದೆ. ಗವಸು ತೆಗೆದು ಕೈ ಒದ್ದೆ ಮಾಡಿಕೊಂಡು, ಬಾಲದ ಬುಡ ಹಿಡಿದು, ಇನ್ನೊಂದು ಕೈ ಹೊಟ್ಟೆಯ ಕೆಳಗಿಟ್ಟು, ಮೂತಿಯನ್ನು ಹರಿವಿನ ಎದುರಿಗೆ ಮಾಡಿ ನಿಲ್ಲಿಸಿ. ಶಕ್ತಿ ಬಂದಾಗ ಅದೇ ಜಾಡಿಸಿಕೊಂಡು ಹೋಗುತ್ತದೆ. ಫೋಟೋ ಬೇಕಿದ್ದರೆ ನೀರಿನಲ್ಲಿರುವಾಗಲೇ ತೆಗೆಯಿರಿ.

ಶೃಂಗೇರಿಯಲ್ಲಿ ತುಂಗೆಯ ಮೀನಿಗೆ ಮಂಡಕ್ಕಿ ಹಾಕಿದ ಕೈ ನಮ್ಮದು. ಕಾವೇರಿಯ ಭೀಮೇಶ್ವರಿಯಲ್ಲಿ ಮಹಸೀರ್ ಹಿಡಿದು ಬಿಡುತ್ತಿದ್ದ ಕಾಲವನ್ನು ನೋಡಿದವರೂ ನಮ್ಮಲ್ಲಿದ್ದಾರೆ. ಹಿಡಿದದ್ದನ್ನು ಬಿಡುವುದು ನಮಗೆ ಅಪರಿಚಿತವಲ್ಲ.

ಮೂಲನಿವಾಸಿಗಳು ಬಲೆ ಹಾಕಬಹುದು, ನಾವು ಒಂದು ಮೀನು ಇಟ್ಟುಕೊಳ್ಳಬಾರದೇ?

ಈ ದೂರನ್ನು ಹೊಳೆದಡದಲ್ಲಿ ಬಹಳ ಸಲ ಕೇಳಿದ್ದೇನೆ, ಆ ದೂರೇ ನ್ಯಾಯವಲ್ಲ ಎಂದು ಹೇಳುತ್ತೇನೆ. 1850ರ ದಶಕದ ಒಪ್ಪಂದಗಳಲ್ಲಿ ಈ ಬುಡಕಟ್ಟುಗಳು ತಮ್ಮ ನೆಲದ ಬಹುಭಾಗ ಬಿಟ್ಟುಕೊಟ್ಟು, ಮೀನು ಹಿಡಿಯುವ ಹಕ್ಕನ್ನು ಉಳಿಸಿಕೊಂಡವು. ಆ ಹಕ್ಕು ಕಾಗದದಲ್ಲೇ ಉಳಿದಿತ್ತು. 1974ರ ಫೆಬ್ರವರಿಯಲ್ಲಿ ನ್ಯಾಯಾಧೀಶ ಜಾರ್ಜ್ ಬೋಲ್ಟ್, ಹಿಡಿಯಬಹುದಾದ ಮೀನಿನಲ್ಲಿ ಅರ್ಧ ಪಾಲು ಅವರದು ಎಂದು ತೀರ್ಪು ಕೊಟ್ಟರು. ಹ್ಯಾಚರಿ ನಡೆಸುವುದರಲ್ಲಿ, ಹೊಳೆ ಸರಿಪಡಿಸುವುದರಲ್ಲಿ ಅವರ ದುಡಿಮೆ ದೊಡ್ಡದು. ಇದೇ ಪರ್ಯಾಯ ದ್ವೀಪದ ಎಲ್ವಾ ಹೊಳೆಯ ಎರಡು ಅಣೆಕಟ್ಟುಗಳನ್ನು 2011 ಮತ್ತು 2014ರ ನಡುವೆ ಕಿತ್ತುಹಾಕಲು ದಶಕಗಟ್ಟಲೆ ಒತ್ತಾಯಿಸಿದವರಲ್ಲಿ ಲೋವರ್ ಎಲ್ವಾ ಕ್ಲಾಲಮ್ ಬುಡಕಟ್ಟು ಮುಂದಿತ್ತು. ಇಂದು ನೂರು ವರ್ಷ ಮುಚ್ಚಿದ್ದ ಆ ಮೇಲ್ಹೊಳೆಗೆ ಸ್ಟೀಲ್‌ಹೆಡ್ ಮತ್ತೆ ಹತ್ತುತ್ತಿದೆ.

ಮೀನು ಕಡಿಮೆಯಾದದ್ದು ಅಣೆಕಟ್ಟು, ಕಾಡು ಕಡಿದದ್ದು, ಬೆಚ್ಚಗಾಗುತ್ತಿರುವ ಕಡಲು, ಹಿಂದಿನ ಮಿತಿಯಿಲ್ಲದ ಬೇಟೆ ಎಲ್ಲ ಸೇರಿ. ಸಿಯಾಟಲ್ ಪಕ್ಕದ ಕಡಲ ತೋಳಾದ ಪ್ಯೂಜೆಟ್ ಸೌಂಡ್‌ನ ಸ್ಟೀಲ್‌ಹೆಡ್ 2007ರಿಂದ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ.

ಮಿಷಿಗನ್, ನ್ಯೂಯಾರ್ಕ್ ಕಡೆ ಇದ್ದೇನೆ. ನನಗೂ ಸಿಗುತ್ತದೆಯೇ?

ಸಿಗುತ್ತದೆ. 19ನೆಯ ಶತಮಾನದ ಕೊನೆಯಲ್ಲಿ ಪೆಸಿಫಿಕ್ ಕರಾವಳಿಯಿಂದ ತಂದು ಬಿಟ್ಟ ಮೀನಿನ ಸಂತತಿ ಅಲ್ಲಿದೆ. ಅಲ್ಲಿನ ಮಹಾಸರೋವರಗಳೇ ಅದಕ್ಕೆ ಕಡಲು. ಮಿಷಿಗನ್‌ನ ಮನಿಸ್ಟಿ, ಮಸ್ಕೀಗನ್, ನ್ಯೂಯಾರ್ಕ್‌ನ ಪುಲಾಸ್ಕಿ ಊರಿನ ಸಾಲ್ಮನ್ ರಿವರ್ ಹೆಸರಾದ ಹೊಳೆಗಳು. ಚಳಿ ಮಾತ್ರ ನಮ್ಮಲ್ಲಿಗಿಂತ ಬಹಳ ಹೆಚ್ಚು. ದಡದ ಅಂಚಿಗೆ ಕಟ್ಟಿದ ಮಂಜುಗಡ್ಡೆಯ ಹಲಗೆಯ ಮೇಲೆ ಕಾಲಿಡಬೇಡಿ, ಅಡಿಯಲ್ಲಿ ನೀರು ಕೊರೆದಿರುತ್ತದೆ.

ಮಾರ್ಚ್‌ನಲ್ಲಿ ಹೊಳೆಯ ತಳದಲ್ಲಿ ತೊಳೆದಿಟ್ಟಂಥ ಜಲ್ಲಿಯ ತಟ್ಟೆಗಳು ಕಾಣುತ್ತವೆ, ಅವೇನು?

ಗೂಡು. ಹೆಣ್ಣುಮೀನು ಬಾಲದಿಂದ ಜಲ್ಲಿ ಬಗೆದು ಮೊಟ್ಟೆಯಿಟ್ಟು ಮುಚ್ಚಿದ ಜಾಗ. ಅದರ ಮೇಲೆ ನಡೆಯಬೇಡಿ, ಸುತ್ತಿ ಹೋಗಿ. ಹತ್ತಿರ ನಿಂತಿರುವ ಮೀನಿಗೆ ಗಾಳ ಹಾಕಬೇಡಿ.

ಒಂದು ದಿನಕ್ಕೆ ಎಷ್ಟು ಸಿಗಬಹುದು?

ಹೆಚ್ಚಿನ ದಿನ ಒಂದೂ ಇಲ್ಲ. ಸಾವಿರ ಸಲ ಎಸೆದರೆ ಒಂದು ಸ್ಟೀಲ್‌ಹೆಡ್ ಎಂದು ಇಲ್ಲಿನವರು ಹೇಳುತ್ತಾರೆ. ನನ್ನ ಮೊದಲನೆಯದು ಸಿಕ್ಕಿದ್ದು ಎರಡನೆಯ ಚಳಿಗಾಲದಲ್ಲಿ.

ದಿನ ಮುಗಿದು ಗಾಡಿಗೆ ಬಂದ ಮೇಲೆ?

ಗಾಡಿಯಲ್ಲಿ ಒಂದು ರಬ್ಬರು ಚಾಪೆ, ಪೂರ್ತಿ ಒಂದು ಜೊತೆ ಒಣಬಟ್ಟೆ, ದೊಡ್ಡ ಫ್ಲಾಸ್ಕಿನಲ್ಲಿ ಶುಂಠಿ ಕಾಫಿ ಇರಲಿ. ಮೊದಲು ಚಾಪೆಯ ಮೇಲೆ ನಿಂತು ವೇಡರ್ ಬಿಚ್ಚಿ, ಕಾಲುಚೀಲ ಬದಲಾಯಿಸಿ, ಆಮೇಲೆ ಕಾಫಿ. ವೇಡರ್, ಬೂಟುಗಳ ಮಣ್ಣನ್ನು ಅಲ್ಲೇ ಉಜ್ಜಿ ತೊಳೆದು, ಮನೆಯಲ್ಲಿ ಪೂರ್ತಿ ಒಣಗಿಸಿ. ನ್ಯೂಜಿಲೆಂಡ್‌ನಿಂದ ಬಂದ ಸಾಸಿವೆ ಕಾಳಿನಷ್ಟು ಬಸವನಹುಳು ಒದ್ದೆ ಬೂಟಿಗೆ ಅಂಟಿಕೊಂಡು ಒಂದು ಹೊಳೆಯಿಂದ ಇನ್ನೊಂದಕ್ಕೆ ಹೋಗುತ್ತದೆ. ಒಣಗದೆ ಮರುವಾರ ಬೇರೆ ಹೊಳೆಗೆ ಇಳಿಯಬೇಡಿ.